ಪುನರುಕ್ತಿ ಅಂತ ಬರೆಯುವ ಮುಂಚೆ

ಅಲಂಕಾರ ಅಂದ ಕೂಡಲೇ ಕನ್ನಡ ಓದಿ ಹತ್ತನೇ ಕ್ಲಾಸು ಮುಗಿಸಿದವರಿಗೆ ಒಂದು ಕಮಲ ನೆನಪಾಗುತ್ತೆ. ಸೀತೆಯ ಮುಖ ಆ ಕಮಲದ ಹಾಗೆ ಅರಳಿರುತ್ತೆ. ಮುಖ ಉಪಮೇಯ, ಕಮಲ ಉಪಮಾನ, ‘ಹಾಗೆ’ ಎಂಬುದು ಉಪಮಾವಾಚಕ, ಅರಳುವುದು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಯಾವುದಾದರೂ ಒಂದು ಬಿಟ್ಟುಹೋಗಿದ್ದರೆ ಲುಪ್ತೋಪಮೆ. ಲಕ್ಷಣ ಬರೆದು, ಸಮನ್ವಯ ಮಾಡಿ, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದರೆ ಮಾರ್ಕ್ಸ್ ಗ್ಯಾರಂಟಿ. ಮಾರ್ಕ್ಸ್ ಬಂದಮೇಲೆ ಆ ಕಮಲಕ್ಕೂ ನಮಗೂ ಋಣ ತೀರಿತು.

ಆಮೇಲೆ ಇಂಜಿನಿಯರಿಂಗೋ ಬಿಕಾಮೋ ಮುಗಿಸಿ ಬೆಂಗಳೂರಿಗೆ ಬಂದು, ಕೈಯಲ್ಲಿ ಸ್ವಲ್ಪ ಸಂಬಳ ನಿಂತಮೇಲೆ, ಕೆಲವರಿಗೆ ಮತ್ತೆ ಓದುವ ಹುಚ್ಚು ಹಿಡಿಯುತ್ತೆ. ಭಾನುವಾರದ ಬುಕ್ ಕ್ಲಬ್ಬು, ಫಿಲ್ಟರ್ ಕಾಫಿ, ಜೊತೆಗೆ ಹೊಸ ಶಬ್ದಗಳು: ಮೆಟಫರ್, ಐರನಿ, ಸಬ್‌ಟೆಕ್ಸ್ಟ್, ಅನ್‌ರಿಲಾಯಬಲ್ ನರೇಟರ್. ಇವು ಬಂದದ್ದು ಯೂಟ್ಯೂಬಿನಿಂದ, ಪಾಡ್‌ಕಾಸ್ಟಿನಿಂದ. ಹೀಗೆ ನಮ್ಮ ತಲೆಯಲ್ಲಿ ಎರಡು ಟೂಲ್‌ಬಾಕ್ಸ್ ಇವೆ. ಒಂದಕ್ಕೆ ತುಕ್ಕು ಹಿಡಿದಿದೆ, ಇನ್ನೊಂದರ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ. ಒಂದರ ಸ್ಕ್ರೂಡ್ರೈವರ್ ಇನ್ನೊಂದರ ಸ್ಕ್ರೂಗೆ ಹೊಂದುತ್ತಾ ಅಂತ ಯಾರೂ ನೋಡೋದಕ್ಕೆ ಹೋಗಲ್ಲ.

ಈ ಅಂಕಣಕ್ಕೆ ಬರುವ ಮೇಲುಗಳಲ್ಲಿ ಪದೇಪದೇ ಒಂದು ಪ್ರಶ್ನೆ ಇರುತ್ತೆ. ಸಾಹಿತ್ಯ ಓದಿ ಸುಖಪಡೋದಕ್ಕೆ ಈ ಪರಿಭಾಷೆಯೆಲ್ಲ ಬೇಕಾ? ಬೇಕು ಅನ್ನೋ ಕಡೆ ನಾನು. ಹೆಸರು ಗೊತ್ತಿದ್ದರೆ ಕಣ್ಣಿಗೆ ಬೀಳುವ ವಸ್ತುಗಳು ಹೆಚ್ಚಾಗುತ್ತವೆ. ಕಾಡಿಗೆ ಹೋದಾಗ ನಮಗೆ ಬರೀ ಮರ ಕಾಣುತ್ತೆ, ಜೇನು ಕುರುಬರಿಗೆ ಮೂವತ್ತು ಬಗೆಯ ಮರ ಕಾಣುತ್ತೆ. ಆದರೆ ಪ್ರತಿಯೊಂದು ಪರಿಭಾಷೆಯೂ ಯಾವುದೋ ಕಾಲದಲ್ಲಿ, ಯಾವುದೋ ಕೃತಿಗಳನ್ನು ಎದುರಿಗಿಟ್ಟುಕೊಂಡವರು ಕೊಟ್ಟ ಹೆಸರು. ಅದನ್ನು ಬೇರೆ ಕಡೆ ಒಯ್ದಾಗ ಅದು ಕಾಣಿಸುವಷ್ಟನ್ನೇ ಮುಚ್ಚಿಯೂ ಬಿಡಬಹುದು. ನಮ್ಮ ಹಳೇ ಡಬ್ಬಿಯ ಒಂದು ಹೆಸರು ಹೊಸ ಡಬ್ಬಿಯದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದನ್ನು ಮೊದಲು ನೋಡೋಣ. ಆಮೇಲೆ ಅದೇ ಡಬ್ಬಿಯ ಇನ್ನೊಂದು ಹೆಸರು ಬಾಳೆಲೆಯ ಹುಡುಗಿಯೊಬ್ಬಳಿಗೆ ಮಾಡಿದ ಅನ್ಯಾಯಕ್ಕೆ ಬರ್ತೀನಿ.

ಹನ್ನೊಂದನೇ ಶತಮಾನದ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ಒಂದು ಮಾತು ತಗೊಳ್ತಾನೆ: ಸೂರ್ಯ ಮುಳುಗಿದ, ಅಷ್ಟೇ. ನಿಘಂಟು ಹಿಡಿದು ಕೂತರೆ ಅದಕ್ಕೆ ಇರೋದು ಒಂದೇ ಅರ್ಥ. ಆದರೆ ಸೇನಾಪತಿಗೆ ಅದು ‘ಶತ್ರುವಿನ ಮೇಲೆ ಬೀಳೋ ಹೊತ್ತಾಯ್ತು’ ಅಂತ ಕೇಳುತ್ತೆ. ನಲ್ಲನ ಬಳಿ ಗುಟ್ಟಾಗಿ ಹೋಗಬೇಕಾದವಳಿಗೆ ‘ಹೊರಡು’ ಅಂತ, ಕೂಲಿ ಮಾಡುವವರಿಗೆ ‘ಕೆಲಸ ಸಾಕು’ ಅಂತ, ದನ ಕಾಯುವವನಿಗೆ ‘ಕೊಟ್ಟಿಗೆಗೆ ಹೊಡ್ಕೊಂಡು ಬಾ’ ಅಂತ. ಮಾತು ಒಂದೇ, ಅದರಿಂದ ಹೊರಟು ಬರುವ ಅರ್ಥಗಳು ಕೇಳುವವರಿದ್ದಷ್ಟು. ಪದದ ನೇರ ಅರ್ಥ ಕೊಡುವ ಶಕ್ತಿಗೆ ಅಭಿಧಾ ಅಂತ ಹೆಸರು. ನೇರ ಅರ್ಥ ಹೊಂದದೇ ಇದ್ದಾಗ ಪಕ್ಕದ ಅರ್ಥಕ್ಕೆ ಹಾಯುವುದು ಲಕ್ಷಣಾ. ಇವೆರಡೂ ಕೆಲಸ ಮುಗಿಸಿದ ಮೇಲೂ ಉಳಿದು ಕೇಳಿಸುವಂಥದ್ದನ್ನು ಕೊಡುವುದು ವ್ಯಂಜನಾ. ಹಾಗೆ ಕೇಳಿಸುವುದು ಧ್ವನಿ.

ಇದು ಬರೀ ಕಾವ್ಯದ ಸಮಾಚಾರ ಅಲ್ಲ. ದಕ್ಷಿಣ ಕೊಡಗಿನ ನಮ್ಮ ಬಾಳೆಲೆಯಲ್ಲಿ ಸಂಜೆ ಯಾರಾದರೂ ‘ಕತ್ತಲಾಯ್ತು’ ಅಂದರೆ ತೋಟದ ಕೆಲಸದವರಿಗೆ ಅದು ಮನೆಗೆ ಹೊರಡುವ ಮಾತು, ಮನೆಯ ಹೆಂಗಸರಿಗೆ ದೀಪ ಹಚ್ಚುವ ಮಾತು. ಸ್ಕೂಟರ್ ಸ್ಟಾರ್ಟ್ ಮಾಡ್ತಾ ಇರುವ ನೆಂಟನಿಗೆ ಮಾತ್ರ ‘ಈ ಹೊತ್ತಲ್ಲಿ ಬೇಡ, ರಸ್ತೇಲಿ ಆನೆ ಇರುತ್ತೆ, ಇಲ್ಲೇ ಮಲಕ್ಕೊ’ ಅಂತ. ನಾಗರಹೊಳೆ ಕಾಡು ಪಕ್ಕದಲ್ಲೇ ಇರುವ ಊರಲ್ಲಿ ಆನೆ ಅನ್ನೋ ಶಬ್ದವನ್ನು ಬಾಯಿ ಬಿಟ್ಟು ಹೇಳಬೇಕಾದ ಅಗತ್ಯವೇ ಇಲ್ಲ. ಬೆಂಗಳೂರಿನ ಆಫೀಸಲ್ಲಿ ‘ಆರು ಗಂಟೆ ಆಯ್ತು’ ಅಂದರೆ ಒಬ್ಬನಿಗೆ ಲಾಗೌಟ್, ಪಕ್ಕದ ಸೀಟಿನವಳಿಗೆ ಅಮೆರಿಕದ ಕಾಲ್ ಶುರುವಾಗುವ ಸಂಕಟ. ಮ್ಯಾನೇಜರ್ ಮೀಟಿಂಗಿನಲ್ಲಿ ‘ಇದನ್ನ ಆಫ್‌ಲೈನ್ ಮಾತಾಡೋಣ’ ಅಂದಾಗ ವಾಚ್ಯಾರ್ಥ ಏನೇ ಇರಲಿ, ವ್ಯಂಗ್ಯಾರ್ಥ ‘ಇನ್ನು ಬಾಯಿ ಮುಚ್ಚು’ ಅಂತ ಎಲ್ಲರಿಗೂ ಗೊತ್ತು. ಇಷ್ಟು ಗೊತ್ತಿರುವವರು ಧ್ವನಿ ಅಂದರೆ ಏನೋ ದೊಡ್ಡ ವಿದ್ಯೆ ಅಂತ ಯಾಕೆ ಹೆದರಬೇಕೋ ನನಗೆ ತಿಳಿಯಲ್ಲ.

ಈಗ ಇದನ್ನು ನಮ್ಮಲ್ಲಿ ಬಹಳ ಜನ ಓದಿರುವ ಒಂದು ಪುಸ್ತಕಕ್ಕೆ ಹಚ್ಚಿ ನೋಡೋಣ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಬಂತು. ಶ್ರೀನಾಥ್ ಪೆರೂರ್ ಅವರ ಅನುವಾದದಿಂದ ಜಗತ್ತೆಲ್ಲ ಸುತ್ತಿತು. ಬುಕ್ ಕ್ಲಬ್ಬಿನಲ್ಲಿ ಅದರ ಮಾತು ಬಂದಾಗಲೆಲ್ಲ ‘ಅನ್‌ರಿಲಾಯಬಲ್ ನರೇಟರ್’ ಅಂತ ಒಬ್ಬರು ಹೇಳೇ ಹೇಳ್ತಾರೆ, ಉಳಿದವರು ತಲೆ ಅಲ್ಲಾಡಿಸ್ತಾರೆ. ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಬಳಕೆಗೆ ತಂದ ಹೆಸರು ಅದು. ಕಥೆ ಹೇಳುವವನ ಮಾತನ್ನು ನಂಬಬಹುದಾ, ಅವನಿಗೂ ಲೇಖಕನಿಗೂ ಎಷ್ಟು ದೂರ, ಇದು ಬೂತ್ ಕೇಳುವ ಪ್ರಶ್ನೆ. ಒಳ್ಳೇ ಪ್ರಶ್ನೆಯೇ. ಆದರೆ ಈ ಕಾದಂಬರಿಯಲ್ಲಿ ಅದು ನಮ್ಮನ್ನು ಹೆಚ್ಚು ದೂರ ಒಯ್ಯಲ್ಲ. ಯಾಕೆಂದರೆ ಈ ಹೆಸರಿಲ್ಲದ ನಿರೂಪಕ ಸುಳ್ಳು ಹೇಳುವುದು ಕಡಿಮೆ. ಚಿಕ್ಕಪ್ಪನ ಮಸಾಲೆ ವ್ಯಾಪಾರ, ಆ ದುಡ್ಡಿನಲ್ಲಿ ಕೂತು ಉಣ್ಣುವ ತಾನು, ಹಳೇ ಮನೆಯಲ್ಲಿ ಇರುವೆ ಕಂಡರೆ ಎಲ್ಲರೂ ಸೇರಿ ಹೊಸಕುತ್ತಿದ್ದದ್ದು, ಹೆಂಡತಿ ಅನಿತಾ ಮನೆಯವರನ್ನು ಎದುರಿಸುವುದು, ಎಲ್ಲ ಹೇಳ್ತಾನೆ. ಸಭ್ಯವಾಗಿ, ಸ್ವಲ್ಪ ತಮಾಷೆಯಾಗಿಯೇ ಹೇಳ್ತಾನೆ. ಒಂದನ್ನು ಮಾತ್ರ ಹೇಳಲ್ಲ. ಪುಸ್ತಕ ಮುಚ್ಚಿದಾಗ ಅದೊಂದೇ ನಮ್ಮ ಕಿವಿಯಲ್ಲಿ ಉಳಿಯುತ್ತೆ. (ಓದದೇ ಇರುವವರಿಗೋಸ್ಕರ ಇಲ್ಲಿಗೇ ನಿಲ್ಲಿಸ್ತೀನಿ.)

ಒಂಬತ್ತನೇ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನಿಯ ಒಂದು ಬಗೆಯನ್ನು ಗಂಟೆ ಬಾರಿಸಿದ ಮೇಲೆ ಉಳಿಯುವ ಅನುರಣನಕ್ಕೆ ಹೋಲಿಸಿದ. ಪೆಟ್ಟು ಮುಗಿದಿದೆ, ಸದ್ದು ಮುಗಿದಿಲ್ಲ. ‘ಘಾಚರ್ ಘೋಚರ್’ನ ಇರುವೆಗಳು ಹಾಗೆ. ಮೊದಲ ಸಲ ಓದುವಾಗ ಅದು ಬಡ ಸಂಸಾರದ ಒಂದು ಹಾಸ್ಯ. ಕೊನೆಗೆ ಬಂದಮೇಲೆ ಅದೇ ಇರುವೆಗಳು ತಿರುಗಿ ಬರುತ್ತವೆ, ಕಥೆಯಲ್ಲಿ ಅಲ್ಲ, ನಮ್ಮೊಳಗೆ. ಬೂತ್‌ನ ಪರಿಭಾಷೆ ನಮ್ಮ ಕಣ್ಣನ್ನು ಹೇಳುವವನ ಮುಖದ ಮೇಲೆ ನೆಡುತ್ತೆ: ಇವನು ಕಳ್ಳನಾ, ಸಾಚಾನಾ? ಧ್ವನಿ ಅನ್ನುವ ಹೆಸರು ಕೇಳುವವರ ಕಡೆ ತಿರುಗಿಸುತ್ತೆ: ನಿನಗೆ ಏನು ಕೇಳಿಸಿತು, ಕೇಳಿಸಿದ್ದನ್ನು ಗೊತ್ತಾಗದವರ ಹಾಗೆ ನೀನೂ ಎಷ್ಟು ಪುಟ ಓದಿಕೊಂಡು ಬಂದೆ? ಈ ಎರಡನೇ ಪ್ರಶ್ನೆ ಆ ಕಾದಂಬರಿಗೆ ಹೆಚ್ಚು ಹತ್ತಿರದ್ದು, ನಮಗೆ ಹೆಚ್ಚು ಕಷ್ಟದ್ದು ಅಂತ ನನ್ನ ಅಭಿಪ್ರಾಯ. ಒಳ್ಳೇ ಓದುಗನಿಗೆ ನಮ್ಮವರು ಸಹೃದಯ ಅನ್ನುವ ಹೆಸರು ಕೊಟ್ಟದ್ದು ಸುಮ್ಮನೆ ಅಲ್ಲ. ಅವನಿಗೂ ಇಲ್ಲಿ ಕೆಲಸ ಇದೆ.

ಅಂದಹಾಗೆ ‘ಧ್ವನಿಪೂರ್ಣವಾಗಿದೆ’ ಅಂತ ಮುನ್ನುಡಿಗಳಲ್ಲಿ ಬರೆಯುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಪುಸ್ತಕ ಪೂರ್ತಿ ಓದಿಲ್ಲ ಅನ್ನೋದೇ ಅಲ್ಲಿಯ ವ್ಯಂಗ್ಯಾರ್ಥ.

ಈ ವ್ಯಂಗ್ಯ ಅನ್ನುವ ಪದದ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಓದುವವರು ಇಲ್ಲಿ ಎಡವುತ್ತಾರೆ. ಶಾಸ್ತ್ರದಲ್ಲಿ ವ್ಯಂಗ್ಯ ಅಂದರೆ ಸೂಚನೆಯಿಂದ ತಿಳಿಯುವ ಅರ್ಥ. ಇವತ್ತು ‘ವ್ಯಂಗ್ಯವಾಡಬೇಡ’ ಅಂದರೆ ಕುಹಕ ಆಡಬೇಡ ಅಂತ. ಐರನಿಗೂ ಅದೇ ಪದ, ಸಾರ್ಕ್ಯಾಸಂಗೂ ಅದೇ ಪದ. ಹಳೇ ಪುಸ್ತಕದಲ್ಲಿ ‘ವ್ಯಂಗ್ಯಕಾವ್ಯವೇ ಉತ್ತಮ’ ಅನ್ನುವ ಅರ್ಥದ ಮಾತು ಕಂಡರೆ ಕವಿಗಳೆಲ್ಲ ಟ್ವಿಟರಿನವರ ಹಾಗೆ ಚುಚ್ಚುಮಾತು ಆಡಬೇಕು ಅಂತ ತಿಳಿಯಬಾರದು. ಉತ್ಪ್ರೇಕ್ಷೆಯ ಪಾಡು ಇದಕ್ಕಿಂತ ಕೆಟ್ಟದು. ಒಂದನ್ನು ಇನ್ನೊಂದೋ ಎಂಬಂತೆ ಕಲ್ಪಿಸಿಕೊಳ್ಳುವುದು ಉತ್ಪ್ರೇಕ್ಷೆ. ಟೀವಿ ಚರ್ಚೆಯಲ್ಲಿ ‘ಇದು ಉತ್ಪ್ರೇಕ್ಷೆ’ ಅಂದರೆ ಬಿಲ್ಡಪ್ ಜಾಸ್ತಿ ಆಯ್ತು ಅಂತ. ಹಾಗೆ ಮಿತಿ ಮೀರಿ ಹೇಳುವುದಕ್ಕೆ ಅತಿಶಯೋಕ್ತಿ ಅಂತ ಬೇರೆ ಹೆಸರೇ ಇದೆ. ರೂಪಕ ಅಂದರೆ ಮೆಟಫರ್ ಹೌದು, ನಾಟಕವೂ ಹೌದು, ಆಕಾಶವಾಣಿಯಲ್ಲಿ ಅರ್ಧ ಗಂಟೆಯ ಕಾರ್ಯಕ್ರಮವೂ ಹೌದು. ಇದರಲ್ಲಿ ಯಾವುದೂ ತಪ್ಪಲ್ಲ, ಪದಗಳು ಹೀಗೇ ಮನೆ ಬದಲಾಯಿಸುತ್ತವೆ. ಯಾವ ಮನೆಯಲ್ಲಿ ನಿಂತು ಮಾತಾಡ್ತಿದ್ದೀವಿ ಅಂತ ಗೊತ್ತಿದ್ದರೆ ಸಾಕು.

ಇನ್ನು ಬಾಳೆಲೆ. ಈಗಿನ ಪೊನ್ನಂಪೇಟೆ ತಾಲ್ಲೂಕಿನ ಊರು. ಕಾಫಿ ತೋಟ, ಭತ್ತದ ಗದ್ದೆ, ಮಳೆಗಾಲದಲ್ಲಿ ತುಂಬಿ ಬರುವ ಲಕ್ಷ್ಮಣತೀರ್ಥ ಹೊಳೆ. ಬಾಳೆ, ಎಲೆ ಎರಡೂ ಸೇರಿ ಬಾಳೆಲೆ. ಲೋಪಸಂಧಿಗೆ ಇದಕ್ಕಿಂತ ಸುಲಭದ ಉದಾಹರಣೆ ಯಾವ ಗೈಡಿನಲ್ಲೂ ಇಲ್ಲ ಅಂತ ಶಾಲೆಯಲ್ಲಿ ನಮಗೆಲ್ಲ ಹೆಮ್ಮೆ ಇತ್ತು. ಅಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಬಿ.ಎ. ಓದುತ್ತಾಳೆ, ಐಚ್ಛಿಕ ಕನ್ನಡ. ‘ನಿಮ್ಮ ಊರಿನ ಒಂದು ಜನಪದ ಹಾಡನ್ನು ಸಂಗ್ರಹಿಸಿ ಅದರಲ್ಲಿಯ ಅಲಂಕಾರಗಳನ್ನು ಗುರುತಿಸಿ’ ಅಂತ ಕಾಲೇಜಿನಲ್ಲಿ ಅಸೈನ್‌ಮೆಂಟ್ ಕೊಟ್ಟರು. ಅದರ ಹಿಂದಿನ ವರ್ಷ ನಮ್ಮ ಅಜ್ಜನ ಅಣ್ಣ ತೀರಿಕೊಂಡಿದ್ದರು. ಸಾವಿನ ಮನೆಯಲ್ಲಿ ದುಡಿ ಹಿಡಿದು ಹಾಡಿದ ಚಾವು ಪಾಟನ್ನು ಹಾಡಿದವರೊಬ್ಬರ ಮನೆಗೇ ಹೋಗಿ, ಅವರು ಹೇಳಿದ ಹಾಗೆ ಬರೆದುಕೊಂಡು, ಪಕ್ಕದಲ್ಲಿ ಕನ್ನಡ ಅರ್ಥ ಹಾಕಿ ಕೊಟ್ಟಳು. ಉಪಮೆ ಹುಡುಕಿದಳು, ಒಂದೋ ಎರಡೋ ಸಿಕ್ಕಿತು. ವಾಪಸ್ ಬಂದ ಹಾಳೆಯಲ್ಲಿ ಕೆಂಪು ಇಂಕಿನಲ್ಲಿ ಎರಡು ಷರಾ: ‘ಅಲಂಕಾರ ಕಡಿಮೆ. ಪುನರುಕ್ತಿ ಹೆಚ್ಚು.’

ಅವಳು ಫೋನ್ ಮಾಡಿ ಕೊಡವ ತಕ್ಕ್‌ನಲ್ಲಿ ಕೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗೆ: “ಅಣ್ಣ, ನಾಲ್ಕು ಜನ ಸೇರಿ ಹಾಡೋ ಹಾಡಲ್ವಾ, ಎರಡೆರಡು ಸಲ ಹೇಳ್ದೆ ಇನ್ನೇನ್ ಮಾಡ್ತಾರೆ?”

ಮೇಷ್ಟ್ರನ್ನು ಬೈಯುವುದಕ್ಕೆ ಇದನ್ನು ಬರೀತಾ ಇಲ್ಲ. ಅವರ ಕೈಯಲ್ಲಿದ್ದ ಡಬ್ಬಿಯಲ್ಲಿ ಇದ್ದದ್ದೇ ಆ ಹೆಸರುಗಳು. ಡಬ್ಬಿಯಲ್ಲಿ ಅಲಂಕಾರ ಒಂದು ಖಾನೆ, ದೋಷ ಇನ್ನೊಂದು ಖಾನೆ, ಹೇಳಿದ್ದನ್ನೇ ಹೇಳುವುದು ಎರಡನೇ ಖಾನೆಯಲ್ಲಿ ಇದೆ. ಹುಡುಗಿಯ ಪ್ರಶ್ನೆಯಲ್ಲಿ ಮಾತ್ರ ಆ ಷರಾಗಿಂತ ಹೆಚ್ಚು ವಿಮರ್ಶೆ ಇದೆ.

ಕೊಡವ ಹಾಡು ನಡೆಯುವ ರೀತಿ ನೋಡಿ. ನಾಲ್ಕು ಜನ ಹಾಡುಗಾರರು, ಕೈಯಲ್ಲಿ ದುಡಿ, ಇಬ್ಬರಿಬ್ಬರ ಎರಡು ಜೋಡಿ. ಒಂದು ಜೋಡಿ ಎತ್ತಿಕೊಂಡದ್ದನ್ನು ಇನ್ನೊಂದು ಜೋಡಿ ಹಿಡಿಯುತ್ತೆ. ಬರೆದಿಟ್ಟ ಪುಸ್ತಕ ಎದುರಿಗೆ ಇಲ್ಲ. ಈ ಮನೆಯಲ್ಲಿ, ಈ ಸತ್ತವರ ಬಗ್ಗೆ, ಈಗ ಕಟ್ಟಿ ಹಾಡಬೇಕು. ಎರಡನೇ ಜೋಡಿ ಹಾಡುವಷ್ಟು ಹೊತ್ತು ಮೊದಲನೇ ಜೋಡಿಗೆ ಮುಂದಿನ ಸಾಲು ಹುಡುಕೋದಕ್ಕೆ ಸಿಗುವ ಸಮಯ. ಸುತ್ತ ಅಳು, ಬಂದವರ ಓಡಾಟ, ಮಕ್ಕಳ ಗಲಾಟೆ. ಒಂದು ಸಲ ಕೇಳಿಸದವರಿಗೆ ಎರಡನೇ ಸಲ ಕೇಳಿಸುತ್ತೆ. ಮಿಲ್ಮನ್ ಪ್ಯಾರಿ ಮತ್ತು ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ 1930ರ ದಶಕದಲ್ಲಿ ಯುಗೊಸ್ಲಾವಿಯದ ಹಾಡುಗಾರರ ಜೊತೆ ಕೂತು ಕಂಡುಕೊಂಡದ್ದೂ ಹೆಚ್ಚು ಕಡಿಮೆ ಇದನ್ನೇ. ಸಿದ್ಧ ನುಡಿಗಟ್ಟುಗಳು ಮತ್ತೆ ಮತ್ತೆ ಬರುವುದು ಹಾಡುಗಾರನ ಬಡತನ ಅಲ್ಲ, ಅದು ಅವನ ಕಸುಬಿನ ಸಾಮಾನು. ಲಾರ್ಡ್ ಅದನ್ನೆಲ್ಲ ಪುಸ್ತಕ ಮಾಡಿದ್ದು 1960ರಲ್ಲಿ. ನಮಗೆ ಹತ್ತಿರದ ನೀಲಗಿರಿಯಲ್ಲಿ ತೋಡರ ಹಾಡುಗಳನ್ನು ಸಂಗ್ರಹಿಸಿದ ಮರ್ರೆ ಎಮಿನೋ, ಆ ಹಾಡುಗಳು ಜೋಡಿ ಜೋಡಿ ನುಡಿಗಟ್ಟುಗಳ ಮೇಲೆಯೇ ನಿಂತಿವೆ ಅಂತ ವಿವರವಾಗಿ ತೋರಿಸಿದರು. ಅವರು 1935ರಿಂದ 38ರವರೆಗೆ ಇಲ್ಲೇ ಇದ್ದು ಕೊಡವ ಭಾಷೆಯ ಮೇಲೂ ಕೆಲಸ ಮಾಡಿದವರು.

ಸಮಯ ಸಿಗುತ್ತೆ ಅನ್ನೋದು ಹಾಡುಗಾರನ ಕಡೆಯ ಕಾರಣ. ಕೇಳುವವರ ಕಡೆಗೂ ಒಂದು ಕಾರಣ ಇದೆ, ನನಗೆ ಅದು ಇನ್ನೂ ಮುಖ್ಯ. ಎರಡನೇ ಸಾಲು ಮೊದಲನೆಯದರ ಕಾಪಿ ಆಗಿರಲೇಬೇಕು ಅಂತ ಇಲ್ಲ. ಮೊದಲನೆಯದು ಗದ್ದೆ ಅಂದರೆ ಎರಡನೆಯದು ಬೆಟ್ಟ ಅನ್ನಬಹುದು. ಮೊದಲನೆಯದು ಮನೆ ಅಂದರೆ ಎರಡನೆಯದು ಅಂಗಳ. ವಾಕ್ಯದ ಮೈ ಅದೇ, ಒಂದು ಪದ ಮಾತ್ರ ಪಕ್ಕಕ್ಕೆ ಸರಿದಿರುತ್ತೆ. ಎರಡನ್ನೂ ಸೇರಿಸಿ ಕೇಳಿದಾಗ ಗದ್ದೆಯೂ ಅಲ್ಲದ ಬೆಟ್ಟವೂ ಅಲ್ಲದ ಒಂದು ಇಡೀ ನಾಡು ಕಣ್ಣಿಗೆ ಬರುತ್ತೆ. ಎರಡು ಕಣ್ಣಿಗೆ ಎರಡು ಚಿತ್ರ ಬಿದ್ದು ಆಳ ಕಾಣುತ್ತಲ್ಲ, ಹಾಗೆ. ಒಂದು ಕಣ್ಣಿನದು ಪುನರುಕ್ತಿ ಅಂತ ಯಾರಾದರೂ ಮುಚ್ಚಿಕೊಂಡು ಓಡಾಡ್ತಾರಾ?

ತಮಾಷೆ ಏನೆಂದರೆ ನಮ್ಮ ಶಾಲೆಯ ವ್ಯಾಕರಣಕ್ಕೆ ಈ ವಿಷಯ ಗೊತ್ತು. ಜೋಡುನುಡಿ ಅಂತ ಪಾಠವೇ ಇದೆ. ಮನೆಮಠ, ಕೂಲಿನಾಲಿ, ಆಗುಹೋಗು. ‘ಮನೆಮಠ ಬಿಟ್ಟು ದುಡೀತಾನೆ’ ಅಂದಾಗ ಯಾರ ಹತ್ತಿರವೂ ಮಠ ಇರಲ್ಲ. ಮಠ ಬಂದು ಸೇರಿದ್ದರಿಂದ ಮನೆ ದೊಡ್ಡದಾಗುತ್ತೆ, ಬಿಟ್ಟದ್ದು ಬರೀ ನಾಲ್ಕು ಗೋಡೆ ಅಲ್ಲ ಅಂತಾಗುತ್ತೆ. ಪಕ್ಕದಲ್ಲೇ ದ್ವಿರುಕ್ತಿ ಅಂತ ಇನ್ನೊಂದು ಪಾಠ: ಬೇಗ ಬೇಗ, ಬೇಡ ಬೇಡ, ಅಬ್ಬಬ್ಬಾ. ಸಂಭ್ರಮ, ಅವಸರ, ನೋವು ಇದ್ದಾಗ ಮಾತು ಎರಡು ಸಲ ಬರುತ್ತೆ ಅಂತ ಅಲ್ಲೇ ಬರೆದಿರುತ್ತಾರೆ. ಅಂದರೆ ಪದ ಎರಡು ಸಲ ಬಂದರೆ ವ್ಯಾಕರಣ, ಸಾಲು ಎರಡು ಸಲ ಬಂದರೆ ದೋಷ! ಹದಿನೈದನೇ ಪುಟದಲ್ಲಿ ಕಲಿತದ್ದನ್ನು ಐವತ್ತನೇ ಪುಟಕ್ಕೆ ಒಯ್ಯಬೇಕು ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ.

ಹಳೇ ಆಲಂಕಾರಿಕರು ಅಷ್ಟು ದಡ್ಡರೂ ಅಲ್ಲ. ಸುಮಾರು ಏಳನೇ ಶತಮಾನದ ಕೊನೆಯ ದಂಡಿ ‘ಕಾವ್ಯಾದರ್ಶ’ದಲ್ಲಿ ಹತ್ತು ದೋಷಗಳನ್ನು ಎಣಿಸ್ತಾನೆ. ಅದರಲ್ಲಿ ಒಂದು ಏಕಾರ್ಥ, ಅಂದರೆ ಹೇಳಿದ್ದನ್ನೇ ಹೊಸತೇನೂ ಇಲ್ಲದೆ ಹೇಳುವುದು. ಅದಾದ ತಕ್ಷಣ ಅವನೇ 

ಒಂದು ವಿನಾಯಿತಿ ಕೊಡುತ್ತಾನೆ. ಮರುಕದಂಥ ಭಾವದ ಅತಿಶಯವನ್ನು ಹೇಳಬೇಕಾದಾಗ ಪುನರುಕ್ತಿ ದೋಷ ಅಲ್ಲ, ಅದೇ ಅಲಂಕಾರ. ಮರುಕ! ಸಾವಿನ ಮನೆಯ ಹಾಡಿಗೆ ಇದಕ್ಕಿಂತ ನೇರವಾದ ಪರವಾನಗಿ ಬೇಕಾ? ಈ ದಂಡಿ ಯಾರೋ ಪರದೇಶಿ ಅಲ್ಲ. ಸುಮಾರು 850ರ ಹೊತ್ತಿಗೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದಾಗ ಬಹುಮಟ್ಟಿಗೆ ಆಧಾರ ಮಾಡಿಕೊಂಡದ್ದು ಇವನನ್ನೇ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಪುಸ್ತಕವೇ ಪರಿಭಾಷೆಯ ಪುಸ್ತಕ. ಅದರ ಹಿಂದೆ ನಿಂತವನು ಆ ವಿನಾಯಿತಿ ಕೊಟ್ಟಿದ್ದಾನೆ. ದಂಡಿಯಿಂದ ಗೈಡಿಗೆ ಬರುವ ದಾರಿಯಲ್ಲಿ ನಿಯಮ ಉಳಿಯಿತು, ವಿನಾಯಿತಿ ಎಲ್ಲೋ ಬಿದ್ದುಹೋಯಿತು. ಪರಿಭಾಷೆಯ ವಿಷಯದಲ್ಲಿ ನನ್ನ ದೊಡ್ಡ ತಕರಾರು ಇದು. ಅವು ಸಂಸ್ಕೃತದವು, ಇಂಗ್ಲಿಷಿನವು ಅನ್ನೋದು ತಕರಾರಲ್ಲ. ಲಕ್ಷಣ ಬಾಯಿಪಾಠ ಮಾಡಿಸಿ, ಆ ಲಕ್ಷಣ ಹುಟ್ಟಿದ ವಾದವನ್ನು ಕೈಬಿಡುತ್ತೇವಲ್ಲ, ಅದು.

ಇದೇ ಜೋಡಿ ಸಾಲಿಗೆ ಬೇರೆ ಕಡೆ ಗೌರವದ ಹೆಸರು ಸಿಕ್ಕಿದೆ. ಹೀಬ್ರೂ ಬೈಬಲಿನ ಕೀರ್ತನೆಗಳಲ್ಲಿ ಸಾಲುಗಳು ಹೀಗೆ ಜೋಡಿಯಾಗಿ ನಡೆಯುತ್ತವೆ ಅಂತ ಆಕ್ಸ್‌ಫರ್ಡಿನ ಉಪನ್ಯಾಸಗಳಲ್ಲಿ ರಾಬರ್ಟ್ ಲೌತ್ ತೋರಿಸಿದ. ಅವು 1753ರಲ್ಲಿ ಪುಸ್ತಕವಾದವು. ಪ್ಯಾರಲಲಿಸಂ ಅನ್ನುವ ಹೆಸರು ಸಾಹಿತ್ಯ ವಿಮರ್ಶೆಯಲ್ಲಿ ನೆಲೆಯಾದದ್ದು ಅಲ್ಲಿಂದ. ಆ ಕೀರ್ತನೆಗಳನ್ನು ಜನ ಅದಕ್ಕೂ ಎರಡು ಸಾವಿರ ವರ್ಷದ ಹಿಂದಿನಿಂದ ಹಾಡುತ್ತಿದ್ದರು. ಹೆಸರು ಬಂದಮೇಲೆ ಹಾಡು ಬದಲಾಗಲಿಲ್ಲ, ಅದನ್ನು ಓದುವವರ ಮರ್ಯಾದೆ ಬದಲಾಯಿತು.

ನಮ್ಮಲ್ಲಿ ಹೆಸರಿಡುವ ಕಾಲ ಒಂದು ಬಂದಿತ್ತು. 1926ರಲ್ಲಿ ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ಬಂತು. ಅದರ ಸುತ್ತಮುತ್ತಲಿನ ವರ್ಷಗಳಲ್ಲಿ ಕನ್ನಡಕ್ಕೆ ಎಷ್ಟೊಂದು ಪದ ಬಂದವು: ಭಾವಗೀತೆ, ಸುನೀತ, ಪ್ರಗಾಥ, ಸರಳ ರಗಳೆ, ರುದ್ರನಾಟಕ. ಇಂಗ್ಲಿಷಿನ ಪ್ರತಿ ಪ್ರಕಾರಕ್ಕೂ ಒಂದೊಂದು ಮುದ್ದಾದ ಹೆಸರು. ಅದಕ್ಕೆ ಎರಡು ವರ್ಷ ಮೊದಲು, 1924ರಲ್ಲಿ, ನಡಿಕೇರಿಯಂಡ ಚಿಣ್ಣಪ್ಪ ಕೊಡವ ಹಾಡುಗಳನ್ನು ಊರೂರು ಸುತ್ತಿ ಸಂಗ್ರಹಿಸಿ, ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದ್ದರು. ಹುತ್ತರಿ ಹಾಡು, ಮದುವೆ ಹಾಡು, ಸಾವಿನ ಹಾಡು, ಗಾದೆ, ಪದ್ಧತಿ ಎಲ್ಲ ಅದರಲ್ಲಿದೆ. ಅಂದರೆ ಸಾನೆಟ್ಟಿಗೆ ಸುನೀತ ಅಂತ ಹೆಸರಿಟ್ಟ ಕಾಲದಲ್ಲೇ ಈ ಪುಸ್ತಕವೂ ಅದೇ ಲಿಪಿಯಲ್ಲಿ, ಕೈಗೆ ಸಿಗುವ ಹಾಗೆ ಇತ್ತು. ದೂರದ ಹದಿನಾಲ್ಕು ಸಾಲಿಗೆ ಹೆಸರು ಸಿಕ್ಕಿತು. ಮಡಿಕೇರಿಯ ಜೋಡಿ ಸಾಲಿಗೆ ಕನ್ನಡದ ಪಠ್ಯಗಳಲ್ಲಿ ಒಂದು ಖಾನೆ ಸಿಗಲಿಲ್ಲ. ಜಾನಪದ ವಿದ್ವಾಂಸರು ‘ಸೂತ್ರ’, ‘ಸಮಾಂತರತೆ’ ಅಂತೆಲ್ಲ ಬಳಸುತ್ತಾರೆ ನಿಜ. ಅದು ಎಂ.ಎ. ಮೇಲೆ. ಹತ್ತನೇ ಕ್ಲಾಸಿಗೆ, ಬಿ.ಎ.ಗೆ ಬರುವ ಹೊತ್ತಿಗೆ ಕಮಲ ಮಾತ್ರ ಅರಳಿರುತ್ತೆ.

ಹಾಗಂತ ಹೊರಗಿನ ಪರಿಭಾಷೆ ಎಲ್ಲ ಎಸೆದು ಬರೀ ಮಣ್ಣಿನ ಪದ ಹಿಡಿಯೋಣ ಅನ್ನುವವರ ಜೊತೆಗೂ ನಾನಿಲ್ಲ. ಅದೇ ಕೊಡಗಿನಲ್ಲಿ, ಚಿಣ್ಣಪ್ಪನವರ ಕಾಲದವರೇ ಆದ ಹರದಾಸ ಅಪ್ಪಚ್ಚ ಕವಿ ಇದ್ದರು. 1906ರಲ್ಲಿ ‘ಯಯಾತಿ ರಾಜಂಡ ನಾಟಕ’ ಬರೆದರು, ಆಮೇಲೆ ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ. ವಸ್ತು ಪುರಾಣದ್ದು, ಭಾಷೆ ಕೊಡವ ತಕ್ಕ್. ನಾಟಕ ಅನ್ನುವ ಪ್ರಕಾರವನ್ನು ಹೊರಗಿನಿಂದ ತಂದು ಮನೆಮಾತಿನಲ್ಲಿ ಕೂರಿಸಿದವರು ಅವರು. ಸಂಸ್ಕೃತ ಕನ್ನಡಗಳನ್ನು ಹೊಂದಾಣಿಕೆ ಇಲ್ಲದೆ ಬೆರೆಸುವುದನ್ನು ‘ಕವಿರಾಜಮಾರ್ಗ’ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದ ಹಾಗೆ ಅನ್ನುತ್ತೆ. ಹಾಲು ಒಡೆಯುತ್ತಾ ಮೊಸರಾಗುತ್ತಾ ಅನ್ನೋದು ಹದಕ್ಕೆ ಸೇರಿದ್ದು. ಕುದಿಯುವಾಗ ಹಾಕಿದರೆ ಒಡೆಯುತ್ತೆ, ಆರಿದ ಮೇಲೆ ಹೆಪ್ಪು ಹಾಕಿದರೆ ಬೆಳಿಗ್ಗೆಗೆ ಮೊಸರು. ಅಪ್ಪಚ್ಚ ಕವಿಗೆ ಆ ಹದ ಗೊತ್ತಿತ್ತು.

ಹಾಗಾದರೆ ಓದುವಾಗ ಏನು ಮಾಡೋದು? ನಾನು ಮಾಡುವುದು ಇಷ್ಟು. ಪುಸ್ತಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಜಾಗವನ್ನು ಮೊದಲು ನನ್ನ ಮಾತಲ್ಲೇ ಹೇಳಿಕೊಳ್ಳೋದು: ಇಲ್ಲಿ ಒಂದೇ ಸಾಲು ಮತ್ತೆ ಬಂತು, ಇಲ್ಲಿ ಅವನು ಮಾತು ನಿಲ್ಲಿಸಿದ, ಇಲ್ಲಿ ನಗು ಬಂತು ಆದರೆ ಬರಬಾರದಿತ್ತು. ಆಮೇಲೆ ಡಬ್ಬಿ ತೆಗೆದು ಇದಕ್ಕೆ ಹೆಸರು ಇದೆಯಾ ಅಂತ ನೋಡೋದು. ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರದ್ದು, ಇವತ್ತಿಗೂ ಓದಿಸಿಕೊಳ್ಳುತ್ತೆ. ಲಕ್ಷಣದ ಜೊತೆಗೆ ಜಗಳವನ್ನೂ ಹೇಳುವ ಪುಸ್ತಕ ಅದು, ಮೆಟ್ರೋದಲ್ಲಿ ದಿನಕ್ಕೆ ನಾಲ್ಕು ಪುಟ ಸಾಕು. ಹೆಸರು ಸಿಕ್ಕಿದರೆ ಆ ಹೆಸರಿನ ಹಿಂದಿನ ಮಾತುಕತೆ ಪೂರ್ತಿ ಸಿಗುತ್ತೆ, ದಂಡಿಯ ವಿನಾಯಿತಿ ಸಿಕ್ಕ ಹಾಗೆ. ಸಿಗಲಿಲ್ಲ ಅಂದರೆ ಅದನ್ನು ಮಾಡುವವರು ಏನಂತಾರೆ ಅಂತ ಕೇಳಬೇಕು. ಬಯಲಾಟದವರು, ಜನಪದ ಹಾಡುಗಾರರು ಹಿಮ್ಮೇಳ ಅಂತಾರೆ, ಸೊಲ್ಲು ಅಂತಾರೆ. ವಚನದವರ ಸುತ್ತ ಬೆಡಗು ಅನ್ನುವ ಪದ ಹುಟ್ಟಿದೆ. ಯಾವ ಗೈಡಿನ ಅಲಂಕಾರಕ್ಕಿಂತ ಇವು ಕಡಿಮೆ ಪರಿಭಾಷೆಯಲ್ಲ.

ಚಿಕ್ಕಪ್ಪನ ಮಗಳಿಗೆ ದಂಡಿಯ ಮಾತನ್ನು, ಅವನ ಪುಸ್ತಕದ ಮೂರನೇ ಪರಿಚ್ಛೇದದಲ್ಲಿದೆ ಅಂತ ಸೇರಿಸಿ, ವಾಟ್ಸಾಪ್ ಮಾಡಿದೆ. ಮೇಷ್ಟ್ರಿಗೆ ತೋರಿಸ್ತೀನಿ ಅಂದಳು. ಮಾರ್ಕ್ಸ್ ಬದಲಾಗುತ್ತೋ ಇಲ್ಲವೋ. ಹಾಡು ಹೇಳಿಕೊಟ್ಟವರಿಗೆ ಎಪ್ಪತ್ತು ದಾಟಿದೆ. ಜೋಡಿ ಕಟ್ಟೋದಕ್ಕೆ ಊರಲ್ಲಿ ಹುಡುಗರು ಸಿಗೋದು ಕಷ್ಟ ಆಗಿದೆ. ನಮ್ಮ ಮನೆಗಳ ಹುಡುಗರೆಲ್ಲ ಇಲ್ಲಿ, ಈ ಅಂಕಣ ಓದ್ತಾ ಇದ್ದೀವಿ. ನವೆಂಬರ್ ಡಿಸೆಂಬರಲ್ಲಿ ಹುತ್ತರಿಗೆ ರಜೆ ಹಾಕಿ ಊರಿಗೆ ಹೋದವರು ಮಂದ್‌ನಲ್ಲಿ ವಿಡಿಯೋ ಮಾಡುವಾಗ ಮೊಬೈಲನ್ನು ಮೊದಲ ಜೋಡಿಯ ಕಡೆಗಷ್ಟೇ ಹಿಡಿಯಬೇಡಿ. ಎರಡನೇ ಜೋಡಿ ಯಾವ ಪದವನ್ನು ಪಕ್ಕಕ್ಕೆ ಸರಿಸಿತು ಅಂತ ಕೇಳಿ, ಬರೆದುಕೊಳ್ಳಿ. ಅದಕ್ಕೆ ಅವರು ಏನಾದರೂ ಹೆಸರು ಹೇಳಿದರೆ ನನಗೂ ಒಂದು ಮೇಲ್ ಹಾಕಿ.